ವಾರಿಯರ್ ಹಡಗನ್ನು ಎರಡು ಸಲ ಕಟ್ಟಿದೆ

ಒಂದು ಮಾಡೆಲ್ ಅಂದ್ರೆ ಹಡಗು ಯಾವುದೋ ಒಂದು ವರ್ಷದಲ್ಲಿ ಹೇಗಿತ್ತೋ ಹಾಗೆ, ಅಷ್ಟೇ. ಹಡಗಿನ ಮಾಡೆಲ್ ಕಟ್ಟೋ ನಮ್ಮ ಗೆಳೆಯರ ಗುಂಪಿನ ಕಟ್ಟಳೆ ಇದು. ಡೆಕ್ಕನ್ನು, ಅಂದ್ರೆ ಹಡಗಿನ ಮೇಲ್ಹಾಸನ್ನು, ಬದಲಾಯಿಸೋ ಹಾಗೆ ಮಾಡ್ತೀನಿ ಅಂದಾಗ ಎಲ್ಲರೂ ನಕ್ಕರು. "ಆರು ತಿಂಗಳಿಗೆ ಗಡಗಡ ಅನ್ನುತ್ತೆ ಕಣಯ್ಯ." ಎರಡು ವರ್ಷ ಆಯ್ತು, ಅಲ್ಲಾಡಿಲ್ಲ.

ವಾರಿಯರ್‌ಗೆ ಒಂದು ವರ್ಷ ಸಾಲದು. 1861ರಲ್ಲಿ ಅದು ಬ್ರಿಟಿಷ್ ನೌಕಾಪಡೆಯ ಹೆಮ್ಮೆ. 1929ರಿಂದ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ತೇಲುವ ಎಣ್ಣೆ ಕಟ್ಟೆ, ಆಮೇಲೆ ಅದಕ್ಕೆ ಸಿ-77 ಅನ್ನೋ ನಂಬರು. ಹಾಯಿಕಂಬ ಇಲ್ಲ, ಡೆಕ್ ಮೇಲೆ ದಪ್ಪ ಕಾಂಕ್ರೀಟ್. ಯುದ್ಧದಲ್ಲಿ ಒಂದು ಗುಂಡೂ ಹಾರಿಸದ ಹಡಗು ಸುಮಾರು 5,000 ಹಡಗುಗಳಿಗೆ ಎಣ್ಣೆ ತುಂಬಿಸಿತು. ನನಗೆ ಒಂದೇ ಒಡಲಿನಲ್ಲಿ ಎರಡೂ ರೂಪ ಬೇಕಿತ್ತು.

1:200 ಅಳತೆ, 64 ಸೆಂಟಿಮೀಟರ್ ಉದ್ದ. ಮೊದಲ ಒಡಲು ರೆಸಿನ್‌ನದು, ಸೊಟ್ಟಗಾಗಿ 3,000 ರೂಪಾಯಿ ಮಣ್ಣಾಯ್ತು. ಎರಡನೆಯದು ಪಿವಿಸಿ ಪೈಪ್ ಸೀಳಿ, ಬಿಸಿ ಮಾಡಿ ಬಗ್ಗಿಸಿದ್ದು. ಅದಕ್ಕೆ ಇನ್ನೂರೋ ಮುನ್ನೂರೋ.

ತಲೆ ಕೆಡಿಸಿದ್ದು ಕವಚ. ಒಂದು ಬದಿ ಕೊಯ್ದು ಒಳಪದರ ತೋರಿಸೋ ಹುಚ್ಚು ನನಗೆ. ನಿಜವಾದ ಹಡಗಿನಲ್ಲಿ ನಾಲ್ಕೂವರೆ ಇಂಚು ಕಬ್ಬಿಣ, ಅದರ ಹಿಂದೆ 18 ಇಂಚು ತೇಗ. ನನ್ನ ಅಳತೆಗೆ ಅರ್ಧ ಮಿಲಿಮೀಟರ್‌ಗಿಂತ ತುಸು ಜಾಸ್ತಿ ತಗಡು, 2.3 ಮಿಲಿಮೀಟರ್ ತೇಗ. ಹಾಲಿನ ಪುಡಿ ಡಬ್ಬಿಯ ತಗಡನ್ನೇ ಎರಡು ಪದರ ಅಂಟಿಸಿದೆ. ತೇಗಕ್ಕೆ ಹಳೆ ಕಿಟಕಿ ಚೌಕಟ್ಟಿನ ಚೂರು. ಮಳೆಗಾಲದಲ್ಲಿ ಮರ ಉಬ್ಬಿತು, ತಗಡು ಅಂಚಿನಿಂದ ಮೇಲೆದ್ದಿತು. ಮೂರು ಸಲ ಕಿತ್ತೆ. ನಾಲ್ಕನೇ ಸಲ ಏನು ಅಂಟು ಹಾಕಿದೆ ಅಂತ ಮಾತ್ರ ಕೇಳಬೇಡಿ, ಹೇಳಲ್ಲ.

ಡೆಕ್ ನಿಂತಿದ್ದು ಎಂಟು ಸಣ್ಣ ಆಯಸ್ಕಾಂತದ ಮೇಲೆ. ಕಂಬದ ಹಗ್ಗಗಳನ್ನು ಒಡಲಿಗೆ ಕಟ್ಟಲೇ ಇಲ್ಲ, ಡೆಕ್ ಜೊತೆಗೇ ಏಳೋ ಅಂಚುಪಟ್ಟಿಗೆ ಕಟ್ಟಿದೆ. ಗುಟ್ಟು ಅಂದ್ರೆ ಇದೇ. ಸಿ-77ರ ಡೆಕ್‌ಗೆ ಸುಮ್ನೆ ನಿಜವಾದ ಸಿಮೆಂಟ್ ಹಾಕಿ ನೋಡಿದೆ. ಬಿರುಕು ಬಿಟ್ಟಿತು. ಕೊನೆಗೆ ಗೋಡೆಯ ಪುಟ್ಟಿಯೇ ಗತಿ.

ನಡುವೆ ಹೊಗೆ ಕೊಳವೆಯ ಹುಚ್ಚು ಹಿಡಿಯಿತು. ಹಾಯಿ ಬಿಚ್ಚಿ ಹೋಗುವಾಗ ಅಸಲಿ ಹಡಗಿನಲ್ಲಿ ಕೊಳವೆಗಳನ್ನು ತಗ್ಗಿಸುತ್ತಿದ್ದರು. ಒಂದರೊಳಗೊಂದು ಕೂರೋ ಪೆನ್ ಕೊಳವೆ ಹುಡುಕಲು ಹದಿನೈದು ದಿನ ಹೋಯ್ತು. ನೋಡಿದವರು ಯಾರೂ ಅದನ್ನು ಗಮನಿಸಿಲ್ಲ, ಬಿಡಿ.

ಮೂತಿಯ ಯೋಧನ ಗೊಂಬೆ ಕೈ ತಪ್ಪಿ ಬಿದ್ದು ಮುರಿಯಿತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. 1868ರಲ್ಲಿ ರಾಯಲ್ ಓಕ್ ಅನ್ನೋ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಅಸಲಿ ವಾರಿಯರ್ ಕೂಡ ತನ್ನ ಗೊಂಬೆ ಕಳಕೊಂಡಿತ್ತು, ಅಲ್ವಾ?

ಒಟ್ಟು ಖರ್ಚು ಹನ್ನೊಂದು ಸಾವಿರದ ಆಸುಪಾಸು. ಮನೆಯಲ್ಲಿ ಏಳು ಅಂತ ಹೇಳಿದ್ದೇನೆ.

ಕಾಂಕ್ರೀಟ್ ಡೆಕ್ ಎತ್ತಿಟ್ಟು ಹಾಯಿಕಂಬ ನಿಲ್ಲಿಸಲು ನನಗೀಗ ನಾಲ್ಕು ನಿಮಿಷ ಸಾಕು. ಇದೇ ಕೆಲಸಕ್ಕೆ, ಅಸಲಿ ಹಡಗನ್ನು ಮೊದಲಿನ ರೂಪಕ್ಕೆ ತರಲು, ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನವರು 1979ರಿಂದ 1987ರವರೆಗೆ ಹೆಣಗಿದ್ದರು.