ಮ್ಯುಯಾನ್ ಅಡಗಿಸಿಟ್ಟು ನ್ಯೂಟ್ರಿನೋ ಎಣಿಸಿದ್ದು

ಬದಿಯಡ್ಕದ ಮನೆಯಲ್ಲಿ ಕೂತು ಎಲ್‌ಎಚ್‌ಸಿಯ (ಜಿನೀವಾ ಬಳಿಯ, ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ) ಡೇಟಾದಲ್ಲಿ ಡಾರ್ಕ್ ಮ್ಯಾಟರ್, ಅಂದರೆ ಬ್ರಹ್ಮಾಂಡದ ಕಾಣದ ದ್ರವ್ಯ, ಹುಡುಕಬಹುದಾ? ಹುಡುಕಬಹುದು. ಅಲ್ಲಿನ ದೊಡ್ಡ ಡಿಟೆಕ್ಟರುಗಳಲ್ಲೊಂದಾದ ಸಿಎಂಎಸ್ ಪ್ರಯೋಗದವರು 2016ರ ಡೇಟಾದ ಒಂದು ಭಾಗವನ್ನು 2024ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದರ ನ್ಯಾನೋಎಒಡಿ ಎಂಬ ಚಿಕ್ಕದಾಗಿಸಿದ ಫೈಲುಗಳು ಪೈಥಾನಿನ ಅಪ್‌ರೂಟ್ ಎಂಬ ಲೈಬ್ರರಿಯಲ್ಲಿ ತೆರೆಯುತ್ತವೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಮಳೆಗಾಲದಲ್ಲಿ ಮಾತ್ರ ಡೌನ್‌ಲೋಡಿಗೆ ಇಳಿಯಬೇಡಿ. ಗುಡುಗು ಕೇಳಿದ ಕೂಡಲೇ ನಮ್ಮಲ್ಲಿ ಮೊದಲು ಕೀಳುವುದು ಮೋಡೆಮ್ ಪ್ಲಗ್ಗನ್ನೇ.

ಡಾರ್ಕ್ ಮ್ಯಾಟರ್ ಡಿಟೆಕ್ಟರಿಗೆ ಕಾಣುವುದಿಲ್ಲ. ಆದರೆ ಪ್ರೋಟಾನುಗಳು ಎದುರುಬದುರು ಡಿಕ್ಕಿ ಹೊಡೆಯುವಾಗ ಅಡ್ಡ ದಿಕ್ಕಿನ ಮೊಮೆಂಟಮ್ ಸುಮಾರಾಗಿ ಸೊನ್ನೆ. ಆಮೇಲೂ ಲೆಕ್ಕ ತಾಳೆಯಾಗಬೇಕು, ಅಲ್ವಾ? ಒಂದು ಕಡೆ ಜೋರಾಗಿ ಜೆಟ್ (ಒಟ್ಟಿಗೆ ಚಿಮ್ಮುವ ಕಣಗಳ ಗುಂಪು) ಹಾರಿ ಎದುರುಗಡೆ ಏನೂ ಕಾಣದಿದ್ದರೆ, ಅಷ್ಟು ಮೊತ್ತ ಎಂಇಟಿ (ಅಡ್ಡ ದಿಕ್ಕಿನಲ್ಲಿ ಕಾಣೆಯಾದ ಮೊಮೆಂಟಮ್) ಎಂಬ ಕಾಲಂನಲ್ಲಿ ಬೀಳುತ್ತದೆ.

ಆ ಕಾಲಂನ ಗ್ರಾಫ್ ಹಾಕಿದರೆ ಬಾಲ ಸಾವಿರ ಜಿಇವಿ (ಕಣಗಳ ಶಕ್ತಿ, ಮಾಸ್ ಅಳೆಯುವ ಮಾನ) ದಾಟಿ ಓಡುತ್ತದೆ. ಸುಮ್ನೆ ಖುಷಿಪಡಬೇಡಿ. ಶಕ್ತಿ ಅಳೆಯುವ ಕ್ಯಾಲೊರಿಮೀಟರಿನ ನಾಯ್ಸ್, ಬೀಮಿನ ಜೊತೆ ಬರುವ ಹಾಲೋ ಮ್ಯುಯಾನುಗಳು (ಮ್ಯುಯಾನ್ ಎಂದರೆ ಎಲೆಕ್ಟ್ರಾನಿನಂಥದೇ, ಆದರೆ ಭಾರದ ಕಣ), ಎಲ್ಲ ಅಲ್ಲೇ ಸೇರಿರುತ್ತವೆ. ಇಂಥವನ್ನು ಜರಡಿ ಹಿಡಿಯುವ ಎಂಇಟಿ ಫಿಲ್ಟರ್ ಹಾಕಿದ ತಕ್ಷಣ ಬಾಲ ಮೊಟಕಾಗುತ್ತದೆ.

ಉಳಿದದ್ದರಲ್ಲಿ ಜಾಸ್ತಿ ಪಾಲು ಡಿಟೆಕ್ಟರಿಗೆ ಸಿಗದೆ ದಾಟಿಹೋಗುವ ನ್ಯೂಟ್ರಿನೋ ಕಣಗಳದ್ದು. ಡಿಕ್ಕಿಯಲ್ಲಿ ಹುಟ್ಟುವ ಜೆಡ್ ಬೋಸಾನ್ ಎಂಬ ಭಾರದ ಕಣ ಶೇ. 20ರಷ್ಟು ಸಲ ನ್ಯೂಟ್ರಿನೋ ಜೋಡಿಯಾಗಿ ಒಡೆಯುತ್ತದೆ. ನೋಡಲು ಥೇಟ್ ಡಾರ್ಕ್ ಮ್ಯಾಟರೇ. ಇವನ್ನು ಎಣಿಸುವುದು ಹೇಗೆ? ಅದೇ ಜೆಡ್ ಶೇ. 3.4ರಷ್ಟು ಸಲ ಎರಡು ಮ್ಯುಯಾನ್ ಕೊಡುತ್ತದೆ. ವಿರುದ್ಧ ಚಾರ್ಜಿನ, ಒಟ್ಟು ಮಾಸ್ 91 ಜಿಇವಿ ಆಸುಪಾಸಿನ ಜೋಡಿಗಳನ್ನು ಆರಿಸಿಕೊಂಡೆ. ಅವುಗಳ ಮೊಮೆಂಟಮ್ಮನ್ನು ಎಂಇಟಿಗೆ ಕೂಡಿಸಿದೆ, ಅಂದರೆ ಮ್ಯುಯಾನ್ ಕಾಣಲೇ ಇಲ್ಲ ಎಂದುಕೊಂಡೆ. ಈಗ ಅವು ನ್ಯೂಟ್ರಿನೋಗಳ ಹಾಗೇ ಕಾಣುತ್ತವೆ. ಸಿಎಂಎಸ್‌ನ ಒಂದು ಟ್ರಿಗರ್ (ಯಾವ ಡಿಕ್ಕಿಯನ್ನು ಉಳಿಸಬೇಕೆಂದು ಆರಿಸುವ ವ್ಯವಸ್ಥೆ) ಎಂಇಟಿಯನ್ನು ಮ್ಯುಯಾನ್ ಬಿಟ್ಟೇ ಲೆಕ್ಕ ಹಾಕುವುದರಿಂದ ಎರಡೂ ಬಗೆಯ ಘಟನೆಗಳು ಒಂದೇ ಡೇಟಾಸೆಟ್ಟಿನಲ್ಲಿ ಸಿಗುತ್ತವೆ. ಎಂಥ ಚಂದದ ಅನುಕೂಲ! 3.4ರ ಸುಮಾರು ಆರರಷ್ಟು 20 ಎಂದು ಮ್ಯುಯಾನ್ ಜೋಡಿಗಳ ಎಣಿಕೆಯನ್ನು ಆರರಷ್ಟು ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಡಿಟೆಕ್ಟರಿಗೆ ಸಿಗದೆ ತಪ್ಪಿಹೋದ ಮ್ಯುಯಾನುಗಳನ್ನೂ ಸೇರಿಸಬೇಕು. ನನ್ನ ಸಮಯವೆಲ್ಲ ಅಲ್ಲೇ ಹೋಯಿತು.

ಪ್ಲಸ್ ಟು ಹುಡುಗಿಯೊಬ್ಬಳು ಕೇಳಿದಳು: "ಮಾಷ್ಟ್ರೇ, ನೀವು ಹುಡುಕೋದು ಡಾರ್ಕ್ ಮ್ಯಾಟರಾ, ನ್ಯೂಟ್ರಿನೋನಾ?" ಪ್ರಶ್ನೆ ಸರಿಯಾಗೇ ಇದೆ.

ಸಿಎಂಎಸ್, ಎಲ್‌ಎಚ್‌ಸಿಯದೇ ಇನ್ನೊಂದು ಪ್ರಯೋಗವಾದ ಅಟ್ಲಾಸ್ ತಂಡಗಳಿಗೂ ಮೊನೊಜೆಟ್ (ಒಂದು ಕಡೆ ಜೆಟ್, ಎದುರು ಏನೂ ಇಲ್ಲ) ಹುಡುಕಾಟದಲ್ಲಿ ಈವರೆಗೆ ಡಾರ್ಕ್ ಮ್ಯಾಟರಿನ ಗುರುತು ಸಿಕ್ಕಿಲ್ಲ. ಸಿಕ್ಕರೂ ಆ ಕಣ ಡಿಟೆಕ್ಟರ್ ದಾಟುವಷ್ಟು ಹೊತ್ತು ಬದುಕಿತ್ತು ಎಂದಷ್ಟೇ ಗೊತ್ತಾಗುತ್ತದೆ. ನನಗೆ ಜೆಡ್‌ನ ಸೋದರ ಕಣವಾದ ಡಬ್ಲ್ಯೂ ಬೋಸಾನಿನ ಲೆಕ್ಕ ಇನ್ನೂ ಬಾಕಿ ಇದೆ. ಅದು ಒಡೆದಾಗ ನ್ಯೂಟ್ರಿನೋ ಜೊತೆ ಬರುವ ಲೆಪ್ಟಾನ್ (ಎಲೆಕ್ಟ್ರಾನ್, ಮ್ಯುಯಾನಿನಂಥ ಕಣ) ಕಣ್ತಪ್ಪಿಸಿಕೊಂಡರೆ ಅದೂ ಮೊನೊಜೆಟ್ಟೇ.