ಮಿಡಿ ಬರುವ ಮೊದಲೇ ಭರಣಿ ನೋಡಿ ತನ್ನಿ

ಫೆಬ್ರವರಿ ಬಂತೆಂದರೆ ಸಾಗರ, ಹೊಸನಗರದ ಕಡೆ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯ ಮಾತು ಶುರು. ಯಾವ ಹೊಳೆದಂಡೆಯ ಮರದಲ್ಲಿ ಕಾಯಿ ಕಚ್ಚಿದೆ, ಯಾರು ಮರ ಹತ್ತಿ ತೊಟ್ಟು ಮುರಿಯದ ಹಾಗೆ ಕೊಯ್ದು ಕೊಡುತ್ತಾರೆ ಎಂದೆಲ್ಲ ವಿಚಾರಿಸುತ್ತೇವೆ. ಅದನ್ನು ಹಾಕಿಡುವ ಪಿಂಗಾಣಿ ಭರಣಿಯ ನೆನಪಾಗುವುದು ಮಾತ್ರ ಮಿಡಿ ಮನೆಗೆ ಬಂದ ಮೇಲೆ. ಆಗ ಪೇಟೆಗೆ ಓಡಿ ಸಿಕ್ಕಿದ್ದನ್ನು ತರುತ್ತೇವೆ. ಹಾಗೆ ಮಾಡಿಯೇ ನಾನು ಒಂದು ವರ್ಷದ ಮಿಡಿ ಕಳೆದುಕೊಂಡೆ.

ನೋಡಲು ಬಲು ಚಂದದ ಭರಣಿ ಅದು. ಮಿಡಿ, ಕಲ್ಲುಪ್ಪು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಆಷಾಢದಲ್ಲಿ ನೋಡಿದರೆ ಅದರ ಹೊಟ್ಟೆಯ ಮೇಲೆ ಕೂದಲೆಳೆಯಂಥ ಬಿಳಿ ಗೆರೆ. ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದೆ, ಉಪ್ಪು! ಒಳಗಿನ ಉಪ್ಪುನೀರು ಬಿರುಕಿನಲ್ಲಿ ಜಿನುಗಿ ಹೊರಗೆ ಹರಳುಗಟ್ಟಿತ್ತು. ನೀರು ಇಳಿದಿದ್ದರಿಂದ ಮೇಲಿನ ಮಿಡಿಗಳಿಗೆಲ್ಲ ಗಾಳಿ ತಾಗಿ ಬೂಷ್ಟು ಬಂದಿತ್ತು.

ಆವತ್ತಿನಿಂದ ಅಡುಗೆಮನೆಗೆ ಏನೇ ತರಲಿ, ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದಕ್ಕೆ ಹುಳಿ, ಉಪ್ಪು ತಾಗುತ್ತದಾ? ಮಳೆಗಾಲದ ಥಂಡಿಯಲ್ಲಿ ಇದು ಏನಾಗುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಯಲುಸೀಮೆಯಲ್ಲಿ ನಡೆಯುವ ಉದಾಸೀನ ಇಲ್ಲಿ ನಡೆಯುವುದಿಲ್ಲ.

ಮೊದಲು, ಈ ವರ್ಷ ನಿಜವಾಗಿ ಏನು ಮಾಡುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ಮಿಡಿ ಉಪ್ಪಿನಕಾಯಿಯಾ, ಹಲಸಿನಕಾಯಿ ಹಪ್ಪಳವಾ, ಉಪ್ಪುನೀರಲ್ಲಿ ಹಾಕಿಡುವ ಕಳಲೆಯಾ (ಎಳೆ ಬಿದಿರಿನ ಮೊಳಕೆ)? ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪಾತ್ರೆ ಬೇಡ.

ಇನ್ನು ಭರಣಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ ಅಲ್ವಾ? ಎಲ್ಲೇ ಕೊಳ್ಳಿ, ಅವಸರ ಮಾಡಬೇಡಿ. ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಇದ್ದರೆ ಗಂಟೆಯ ಹಾಗೆ ದನಿ ಬರುತ್ತದೆ. ಬಿರುಕಿದ್ದರೆ ಮಂಕು ಸದ್ದು. ಆಮೇಲೆ ಒಳಗೆ ಕೈ ಹಾಕಿ ತಳದವರೆಗೆ ಸವರಿ. ಗಾಜಿನಂಥ ನಯ ಎಲ್ಲ ಕಡೆ ಇರಬೇಕು, ಒಂದು ಕಡೆ ತರಿತರಿ ಎನಿಸಿದರೂ ಬೇಡ. ಕೈ ಒಳಗೆ ಹೋಗದಷ್ಟು ಸಣ್ಣ ಬಾಯಿಯದ್ದೂ ಬೇಡ, ತೊಳೆಯಲು ಆಗುವುದಿಲ್ಲ. ಬರೀ ಅಂದಕ್ಕೆ ಇಡುವ ಬಣ್ಣದ ಭರಣಿಯನ್ನು ಉಪ್ಪಿನಕಾಯಿಗೆ ಬಳಸಲೇಬೇಡಿ. ಅದರ ಲೇಪದಲ್ಲಿ ಸೀಸ ಇರಬಹುದು, ಹುಳಿಗೆ ಅದು ಬಿಟ್ಟುಕೊಳ್ಳುತ್ತದೆ.

ಮನೆಗೆ ತಂದ ಮೇಲೆ ಕುತ್ತಿಗೆಯವರೆಗೆ ನೀರು ತುಂಬಿ, ಹಳೇ ಪೇಪರಿನ ಮೇಲೆ ಎರಡು ದಿನ ಇಡಿ. ಪೇಪರ್ ಒದ್ದೆಯಾದರೆ ವಾಪಸ್ ಕೊಡಿ. ಒಂದು ದೊಡ್ಡದರ ಬದಲು ಮೂರು ಚಿಕ್ಕದು ತಂದರೆ ಒಳ್ಳೆಯದು. ದಿನಾ ತೆಗೆಯುವುದು ಒಂದೇ, ಉಳಿದ ಎರಡರ ಕಟ್ಟು ಬಿಚ್ಚುವುದೇ ಬೇಡ.

ಗಾಜಿನ ಬಾಟಲಿಯೂ ಆಗುತ್ತದೆ. ಆದರೆ ತಗಡಿನ ಮುಚ್ಚಳ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಗಾಜಿನದ್ದೋ ಒಳ್ಳೆಯ ಪ್ಲಾಸ್ಟಿಕ್ಕಿನದ್ದೋ ಮುಚ್ಚಳ ನೋಡಿ. ಬಾಟಲಿ ಕುದಿಸುವಾಗ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲೇ ಇಟ್ಟು ಬಿಸಿ ಮಾಡಿ. ಕುದಿಯಲು ಶುರುವಾದ ಮೇಲೆ 10 ನಿಮಿಷ ಸಾಕು.

ಬೇಯಿಸುವ ಪಾತ್ರೆಯ ವಿಚಾರದಲ್ಲಿ ನಾನು ಸ್ವಲ್ಪ ಹಠಮಾರಿ. ಅಪ್ಪೆಹುಳಿ, ಗೊಜ್ಜಿಗೆ ಅಲ್ಯೂಮಿನಿಯಂ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ. ದಪ್ಪ ತಳದ ಸ್ಟೀಲ್ ಆಗುತ್ತದೆ, ಕಲ್ಲಿನ ಮರಿಗೆ (ಬಳಪದ ಕಲ್ಲಿನ ಪಾತ್ರೆ) ಇದ್ದರಂತೂ ಬಹಳ ಚೆನ್ನ. ಇಳಿಸಿ ಅರ್ಧ ಗಂಟೆಯಾದರೂ ಗೊಜ್ಜು ಬಿಸಿ ಇರುತ್ತದೆ. ಹೊಸ ಮರಿಗೆಯನ್ನು ಮಾತ್ರ ನೇರ ಒಲೆಗೆ ಇಡಬೇಡಿ, ಒಡೆಯುತ್ತದೆ. ಕೆಲವು ದಿನ ಬಿಸಿ ಗಂಜಿ ತುಂಬಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಪಳಗಿಸಿ.

ಅಜ್ಜಿಯ ಕಾಲದ ತಾಮ್ರದ ಕೊಪ್ಪರಿಗೆ ಅಟ್ಟದಲ್ಲಿದ್ದರೆ ಕಲಾಯಿ ಹಾಕಿಸಿ ಬಳಸಿ. ಕಲಾಯಿ ಎಂದರೆ ತವರ. ಅದು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹಾಗಾಗಿ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಇಡಬಾರದು. ಒಳಗೆ ಕೆಂಪು ಕಾಣಿಸಿದರೆ ಮತ್ತೆ ಹಾಕಿಸುವ ಹೊತ್ತು ಬಂತು.

ದೋಸೆಗೆ ಬೀಡಿನ ಕಾವಲಿ, ಹೆಚ್ಚಲು ಈಳಿಗೆ ಮಣೆ. ಮಳೆಗಾಲದಲ್ಲಿ ಎರಡನ್ನೂ ತೊಳೆದ ಕೂಡಲೇ ಒರೆಸಿ, ಒಂದು ಹನಿ ಎಣ್ಣೆ ಸವರಿ. ಮಸಾಲೆಗೆ ಮಿಕ್ಸಿ ಸಾಕು, ಜಾರ್ ಪೂರ್ತಿ ಒಣಗಿರಲಿ. ಹಪ್ಪಳದ ಹಲಸಿನ ತೊಳೆಗೆ ಮಾತ್ರ ಒರಳು, ಒನಕೆಯೇ ಸರಿ. ಮಿಕ್ಸಿಗೆ ಆ ಅಂಟು ತಿರುಗುವುದಿಲ್ಲ.

ಕೊನೆಗೆ ಸೌಟು. ಉಪ್ಪಿನಕಾಯಿಗೇ ಅಂತ ಒಂದು ಮರದ ಸೌಟು ಬೇರೆ ಇಡಿ. ಅದನ್ನು ಬೇರೆ ಯಾವುದಕ್ಕೂ ಹಾಕಬೇಡಿ. ಜೂನ್ ಬರುವ ಮೊದಲು ಸೌಟು, ಭರಣಿಯ ಬಾಯಿಗೆ ಕಟ್ಟುವ ಬಟ್ಟೆ ಎರಡನ್ನೂ ಅಂಗಳದ ಬಿಸಿಲಿಗೆ ಹಾಕಿ, ಗರಿಗರಿ ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿಡಿ.