ಐ5 12400 ಮತ್ತ ರೈಜನ್ 5600: ರಾಯಚೂರು ಬ್ಯಾಸಗ್ಯಾಗ ನಾ ಮಾಡಿದ ಟೆಸ್ಟ್

ರಾಯಚೂರಾಗ ನಂದು ಸಣ್ಣ ಫೋಟೋ ಸ್ಟುಡಿಯೋ ಅದ, ಲಗ್ನದ ವಿಡಿಯೋ ಎಡಿಟಿಂಗೇ ಹೆಚ್ಚು. ಕೆಲಸದ ಕಂಪ್ಯೂಟರಿಗೆ ಇಂಟೆಲ್ ಕೋರ್ ಐ5 12400 ಪ್ರೊಸೆಸರ್ ಇಟ್ಕೊಂಡೀನಿ. ನಮ್ಮ ಅಕ್ಕನ ಮಗ ತನ್ನ ಕಂಪ್ಯೂಟರಿನ ಹಳೇ ಪ್ರೊಸೆಸರ್, ಎಎಂಡಿ ಕಂಪನಿಯ ರೈಜನ್ 2600 ತೆಗ್ದು ಅದೇ ಬಿ450 ಮದರ್‌ಬೋರ್ಡಿಗೆ ಬಯಾಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಹೊಡ್ದು ರೈಜನ್ 5 5600 ಹಾಕ್ದ, ಅವತ್ತಿಂದ ಒಂದೇ ಹಾಡು, "ಮಾಮಾ, ನಿಮ್ದು 2.5 ಗಿಗಾಹರ್ಟ್ಸ್, ನಂದು 3.5, ನಂದೇ ಫಾಸ್ಟ್." ಲೇ ತಮ್ಮಾ, ಅದು ಬೇಸ್ ಕ್ಲಾಕು, ಅಂದ್ರ ಮೂಲ ವೇಗ; ಬೂಸ್ಟ್, ಅಂದ್ರ ಏರೋ ಗರಿಷ್ಠ ವೇಗ ನೋಡಿದ್ರ ಎರಡೂ 4.4ಕ್ಕೇ ನಿಲ್ತಾವ, ಎರಡ್ರಾಗೂ ಕೋರ್ (ಲೆಕ್ಕ ಮಾಡೋ ಭಾಗ) 6, ಥ್ರೆಡ್ (ಒಟ್ಟಿಗೆ ಹಿಡಿಯೋ ಕೆಲ್ಸ) 12, ಬಂದಿದ್ದೂ ಎರಡೂ 2022ರಾಗ ಅಂತ ಎಷ್ಟ್ ಹೇಳಿದ್ರೂ ಕೇಳ್ಬೇಕಲ್ಲ. ಸರಿ, ನಿಂದು ತಗೊಂಬಾ ಅಂದೆ.

ರ್‍ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡು ಮೂರೂ ಒಂದೇ ಸೆಟ್ಟು, ಅದ್ರಿಂದ ತೆಗ್ದು ಇದಕ್ಕ ಹಾಕೋದು. ಕೂಲರ್ ಮಾತ್ರ ಅವವ್ರ ಡಬ್ಬಿದಾಗ ಬಂದಿದ್ದೇ. ಪ್ರೊಸೆಸರ್ ವೇಗಕ್ಕ ಅಂಕ ಕೊಡೋ ಸಿನಿಬೆಂಚ್ ಆರ್23 ಸಾಫ್ಟ್‌ವೇರ್ ಹತ್ತು ನಿಮಿಷ ಓಡ್ಸೋದು, ಮೂರು ಸಲ, ಮೊದ್ಲನೇದು ಲೆಕ್ಕಕ್ಕಿಲ್ಲ. ಶಕ್ತಿನಗರದಾಗ ರಾಜ್ಯಕ್ಕೆಲ್ಲ ಕರೆಂಟ್ ತಯಾರ್ ಮಾಡೋ ಜಿಲ್ಲಾ ನಮ್ದು, ಆದ್ರೂ ನನ್ನ ಟೆಸ್ಟಿನ ಎಂಟನೇ ನಿಮಿಷಕ್ಕ ಕರೆಂಟ್ ಹೋತು. ಯುಪಿಎಸ್ ಹಾಕ್ಕೊಂಡು ಮತ್ತ ಮೊದ್ಲಿಂದ.

ಅಲ್ಲೇ ನಾ ಒಂದು ದಡ್ಡತನ ಮಾಡ್ದೆ. ಮೇ ತಿಂಗಳು, ಹೊರಗ ನಲವತ್ತು ದಾಟಿತ್ತು, ನನ್ನ ಇಂಟೆಲ್‌ನ ಮಧ್ಯಾಹ್ನ ಎರಡು ಗಂಟೆಕ್ಕ ಓಡ್ಸಿದೆ, ಅವನ ರೈಜನ್ ಜೋಡ್ಸೋದ್ರಾಗ ರಾತ್ರಿ ಹತ್ತಾತು. ರೈಜನ್ ಗೆದ್ದುಬಿಡ್ತು, ಅವ ಕುಣಿದಾಡಿದ. ರಾತ್ರಿ ಮಲ್ಕೊಂಡಾಗ ತಲಿಗೆ ಹೊಳೀತು, ಕೋಣಿ ಹತ್ತು ಡಿಗ್ರಿ ತಂಪಿದ್ರ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ತಂಪಿರ್ತದ, ರೈಜನ್ ಅಂತೂ ಬಿಸಿ ಏರಿದಂಗೆಲ್ಲ ತಾನಾಗೇ ಬೂಸ್ಟ್ ಸ್ವಲ್ಪ ಸ್ವಲ್ಪ ಇಳಿಸ್ಕೊಂತ ಹೋಗೋ ಜಾತಿ, ಅದ್ರ ಮಿತಿ 90 ಡಿಗ್ರಿ, ನಂದು 100ರ ತನ್ಕ ತಡ್ಕೊಂತದ. ಮರುದಿನ ಎರಡನ್ನೂ ಮಧ್ಯಾಹ್ನಾನೇ ಓಡ್ಸಿದೆ. ಅವಂದು ಸ್ಕೋರ್ ಇಳೀತು, ಆ ಸಣ್ಣ ಕೂಲರ್ ಫ್ಯಾನ್ ಗಿರಣಿ ಬೆಲ್ಟ್ ಹಂಗ ಒದರ್ಲಿಕತ್ತಿತ್ತು. ನಂದೂ ಏನ್ ಶೂರ ಅಲ್ಲ, ಮೊದ್ಲ ಜೋರಾಗಿ ಓಡಿ ಆಮ್ಯಾಗ ನನ್ನ ಅಗ್ಗದ ಎಚ್610 ಬೋರ್ಡು 65 ವ್ಯಾಟಿಗೆ ಕಟ್ಟಿಹಾಕ್ತು, ಕ್ಲಾಕ್ ಇಳ್ದಿದ್ದು ಚಿಪ್ಪಿನ ವೇಗ, ಬಿಸಿ ತೋರ್ಸೋ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ನ್ಯಾಗ ಕಣ್ಣಾರೆ ಕಂಡೆ. ಕೊನಿಗೆ ಎರಡೂ ಹನ್ನೊಂದು ಹನ್ನೆರಡು ಸಾವಿರ ಅಂಕದ ಆಜೂಬಾಜೂನೇ. ಸಿಂಗಲ್ ಕೋರ್‌ದಾಗ ಮಾತ್ರ 12400 ಮುಂದ, ಅದ್ರಾಗ ಅನುಮಾನ ಬ್ಯಾಡ.

ಎಕ್ಸ್‌ಎಂಪಿ (ಮೆಮರಿನ ಅದ್ರ ಪೂರ್ತಿ ವೇಗದಾಗ ಓಡ್ಸೋ ಬಯಾಸ್ ಸೆಟ್ಟಿಂಗು) ಚೆಕ್ ಮಾಡೋದ್ ಮರೀಬ್ಯಾಡ್ರಿ. ಬಯಾಸ್ ಅಪ್‌ಡೇಟ್ ಆದ್ಮ್ಯಾಗ ಅವನ ಬೋರ್ಡಿನ್ಯಾಗ ಅದು ಆಫ್ ಆಗಿತ್ತು, 3200ರ ರ್‍ಯಾಮು 2400ರಾಗ ತೆವಳ್ಲಿಕತ್ತಿತ್ತು, ಅವನಿಗೆ ಗೊತ್ತೇ ಇಲ್ಲ.

ಗೇಮಿನ ವಿಷ್ಯ ಹೇಳೋಕೇನೂ ಇಲ್ಲ. ನನ್ನ ಗ್ರಾಫಿಕ್ಸ್ ಕಾರ್ಡು ಜಿಟಿಎಕ್ಸ್ 1650 ಹಾಕಿ ಸೆಟ್ಟಿಂಗ್ ಹೈ ಇಟ್ರ ಕಾರ್ಡೇ ನೂರಕ್ಕ ನೂರು ದುಡೀತಿರ್ತದ, ಪ್ರೊಸೆಸರ್ ಯಾವ್ದಾದ್ರೂ ಕಣ್ಣಿಗೆ ವ್ಯತ್ಯಾಸ ಬೀಳಂಗಿಲ್ಲ.

ಖರೇ ಫರಕ್ ಗೊತ್ತಾಗಿದ್ದು ಎಡಿಟಿಂಗ್‌ನ್ಯಾಗ. ಈಗಿನ ಕ್ಯಾಮೆರಾದಾಗ ನಾವು 10 ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರೋ, ಒತ್ತಿ ಸಣ್ಣದು ಮಾಡಿದ) ಫೈಲ್ ತೆಗೀತೀವಿ, ಅಕ್ಷತಿ ಹೊತ್ತಿಗೆ ಎರಡು ಕ್ಯಾಮೆರಾ. ಆ ಫೈಲ್ ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್‌ಗೆ ಹಾಕಿದ್ರ ರೈಜನ್‌ದಾಗ ಮದುಮಗ ಕೈ ಎತ್ತಿದ್ರ ಎರಡು ಸೆಕೆಂಡ್ ಬಿಟ್ಟು ಅಕ್ಷತಿ ಬೀಳ್ತಿತ್ತು. ಯಾಕಂದ್ರ 1650 ಕಾರ್ಡು 4:2:2 ಡಿಕೋಡ್ ಮಾಡಂಗಿಲ್ಲ (ಬಿಚ್ಚಿ ಓದಂಗಿಲ್ಲ), 5600ರಾಗ ಒಳಗಿನ ಗ್ರಾಫಿಕ್ಸೇ ಇಲ್ಲ, ಎಲ್ಲಾ ಭಾರ ಕೋರ್‌ಗಳ ಮ್ಯಾಲ ಬೀಳ್ತದ. 12400 ಒಳಗ ಯುಎಚ್‌ಡಿ 730 ಅನ್ನೋ ಗ್ರಾಫಿಕ್ಸ್ ಅದ, ಅದ್ರ ವಿಡಿಯೋ ಬಿಚ್ಚೋ ಭಾಗ ಕ್ವಿಕ್ ಸಿಂಕ್ ಈ ಫೈಲನ್ನ ನೀರು ಕುಡದಂಗ ಓದ್ತದ. ಮಜಾ ಏನಂದ್ರ ಮೊದ್ಲ ನಂದೂ ಹಂಗೇ ತಡವರಿಸ್ತು, ನಾ ಎಷ್ಟೋ ದಿನದಿಂದ ಪ್ರಾಕ್ಸಿ (ಎಡಿಟಿಂಗಿಗಷ್ಟೇ ಹಗುರ ನಕಲು ಫೈಲ್) ಮಾಡ್ಕೊಂಡೇ ಕೆಲ್ಸ ಮಾಡಿದ್ದೆ, ಈ ಟೆಸ್ಟಿನ ನೆವದಾಗ ಬಯಾಸ್ ತೆಗ್ದು ನೋಡಿದ್ರ ಕಾರ್ಡ್ ಹಾಕಿದ್ದಕ್ಕ ಒಳಗಿನ ಗ್ರಾಫಿಕ್ಸ್ ಬಂದ್ ಆಗಿ ಕುಂತಿತ್ತು. ಆನ್ ಮಾಡಿ ಡ್ರೈವರ್ ಹಾಕ್ದೆ, ಟೈಮ್‌ಲೈನ್ ಸರಳಾಗಿ ಹರೀತು. ರೊಕ್ಕ ಉಳೀತದ ಅಂತ 12400ಎಫ್ ತಗೊಂಡಿದ್ರ ಈ ಭಾಗ್ಯ ಇರ್ತಿರ್ಲಿಲ್ಲ, ಎಫ್ ಅಂದ್ರ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ. ಬರೇ 8 ಬಿಟ್ 4:2:0 (ಬಣ್ಣದ ವಿವರ ಕಮ್ಮಿ ಇರೋ) ಫೈಲ್ ಆದ್ರ ಇಷ್ಟೆಲ್ಲ ತಲಿಬ್ಯಾನಿ ಇಲ್ರಿ, ಅದನ್ನ 1650 ಕಾರ್ಡೇ ಓದ್ತದ.

ಹಂಗಂತ ಅವನ ನಿರ್ಧಾರ ತಪ್ಪಂತ ನಾ ಅನ್ನಂಗಿಲ್ಲ. ಹಳೇ ಬೋರ್ಡು, ಹಳೇ ರ್‍ಯಾಮು ಹಂಗೇ ಉಳೀತು, ಚಿಪ್ ಒಂದೇ ಖರ್ಚು, ನಂಗ ಬೋರ್ಡ್ ಸಮೇತ ಬಿದ್ದಿತ್ತು. ಅವನ ಪೆಟ್ಟಿಗಿ ತಿರುಗಿ ಕಳ್ಸೋಕಿಂತ ಮೊದ್ಲ ಬ್ರಷ್ ತಗೊಂಡು ಕೂಲರ್ ಒಳಗಿನ ದೂಳ ತೆಗ್ದು ಚಿಪ್ಪಿನ ಬಿಸಿ ಕೂಲರಿಗೆ ಸಾಗ್ಸೋ ಪೇಸ್ಟ್ ಬದಲಾಯ್ಸಿ ಕೊಟ್ಟೆ, ಅವನ ಮನಿ ಹಿಂದ ಹತ್ತಿ ಜಿನ್ನಿಂಗ್ ಮಿಲ್ ಇದ್ರ ಇನ್ನೇನಾಗ್ತದ. ಈಗ ಫೋನ್ ಮಾಡಿದ್ರ ಗಿಗಾಹರ್ಟ್ಸ್ ಮಾತಿಲ್ಲ, "ಮಾಮಾ, ಲಗ್ನದ ಸೀಜನ್‌ದಾಗ ಫೈಲ್ ಕೊಡೋದಿದ್ರ ಪ್ರಾಕ್ಸಿ ಮಾಡಿ ಕೊಡ್ರಿ" ಅಂತಾನ.